ಎಡಗೈಯ ಎರಡು ಬೆರಳು

ಅಮೋಘಿಯ ಮೊದಲ ಗಿಟಾರು ಹಾಡಿದ್ದಕ್ಕಿಂತ ಕೊಯ್ದದ್ದೇ ಹೆಚ್ಚು.

ಅವನು ನಿಡೋಣಿಯವನು, ಕುರಿ ಕಾಯುವ ರೇವಪ್ಪನ ಮಗ. ಮೆಟ್ರಿಕ್ ಮುಗಿದ ಮೇಲೆ ಕುರಿಯ ಹಿಂದೆ ಹೋಗಲು ಮನಸ್ಸಾಗದೆ ವಿಜಾಪುರಕ್ಕೆ ಬಂದು, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದ್ದ ಶಿವಶರಣಪ್ಪನ ಮೈಕ್ ಸೆಟ್ಟಿನ ಅಂಗಡಿಗೆ ಸೇರಿದ. ಅದು ಎಪ್ಪತ್ತನೆಯ ಇಸವಿ. ಬೆಳಗಾವಿ ಕಡೆಯ ಬ್ಯಾಂಡಿನವನೊಬ್ಬ ಬಿಟ್ಟುಹೋಗಿದ್ದ ಹಳೆಯ ಗಿಟಾರು ಅಂಗಡಿಯ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅದರ ಕೊರಳು ಬಾಗಿಹೋಗಿ ತಂತಿಗಳು ಹಲಗೆಯಿಂದ ಮೇಲೆದ್ದಿದ್ದವು. ಒತ್ತಿ ಹಿಡಿದರೆ ಬೆರಳಿನ ತುದಿ ಸೀಳಿ ರಕ್ತ ಬರುತ್ತಿತ್ತು. ಅಮೋಘಿ ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಧ್ವನಿವರ್ಧಕದ ಭೋಂಗಾಗಳ ನಡುವೆ ಕುಳಿತು, ರೇಡಿಯೋದಲ್ಲಿ ಕೇಳಿದ್ದನ್ನು ಹುಡುಕಿ ಹುಡುಕಿ ಬಾರಿಸುತ್ತಿದ್ದ. ಊರಿಗೆ ಹೋದಾಗ ತಾಯಿ ಬೋರವ್ವ ಆ ಬೆರಳುಗಳನ್ನು ನೋಡಿ ಔಡಲೆಣ್ಣೆ ಬಿಸಿ ಮಾಡಿ ಹಚ್ಚಿದಳು.

"ಕೈ ಹರಕೊಳ್ಳಾಕ ಪ್ಯಾಟಿಗೆ ಹೋಗಿದ್ಯಾ ತಮ್ಮಾ? ಕುರಿ ಕೂದಲ ಕತ್ತರಿಸಿದ್ರೂ ಇಷ್ಟ ಗಾಯ ಆಗತಿರಲಿಲ್ಲ."

ಅಮೋಘಿ ನಕ್ಕ. ಎಣ್ಣೆ ಸೋಕಿದಾಗ ಬೆರಳು ಚುರುಗುಟ್ಟಿದ್ದು ಅವನಿಗೆ ಹಿತವಾಗಿಯೇ ಇತ್ತು. ಕಲಿಯುತ್ತಿದ್ದೇನೆ ಅನ್ನುವುದಕ್ಕೆ ಅದೇ ಗುರುತು ಅಂದುಕೊಂಡಿದ್ದ.

ಎಪ್ಪತ್ಮೂರರಲ್ಲಿ ಶಿವಶರಣಪ್ಪ ಒಂದು ಆರ್ಕೆಸ್ಟ್ರಾ ಕಟ್ಟಿದ. ಹಾಡಲು ನೀಲಾಬಾಯಿ ಬಂದಳು. ನಾಟಕ ಕಂಪನಿಯಲ್ಲಿ ಹತ್ತಾರು ವರ್ಷ ಹಾಡಿ, ಮುಂದಿನ ಸಾಲಿನವರ ಮುಖ ನೋಡಿಯೇ ಯಾವ ಹಾಡು ಬೇಕೆಂದು ಹೇಳಬಲ್ಲವಳು. ಅಮೋಘಿಗಾಗಿ ಸೊಲ್ಲಾಪುರದಿಂದ ಕೆಂಪು ಬಣ್ಣದ ಕರೆಂಟಿನ ಗಿಟಾರು ಬಂತು. ಅದೇ ಅವನ ಎರಡನೆಯದು. ಅದರ ತಂತಿ ಬೆರಳು ಇಟ್ಟರೆ ಸಾಕು, ನುಡಿಯುತ್ತಿತ್ತು.

ಒಂದು ಸಲ ತಿಕೋಟಾದ ಕಾರ್ಯಕ್ರಮಕ್ಕೆ ಹೋಗುವಾಗ ಟೆಂಪೋದಿಂದ ಸ್ಪೀಕರ್ ಉರುಳಿಬಿದ್ದು ಒಳಗಿನ ಕಾಗದ ಹರಿಯಿತು. ಬೇರೆ ಸ್ಪೀಕರ್ ಇರಲಿಲ್ಲ. ಅದನ್ನೇ ಹಚ್ಚಿದರು. ಅಮೋಘಿ ತಂತಿ ಮೀಟಿದ ಕೂಡಲೇ ಕಲ್ಲಿನ ಮೇಲೆ ತಗಡು ಎಳೆದಂಥ ಸಪ್ಪಳ ಬಂತು. ಶಿವಶರಣಪ್ಪ ಕಡಿಮೆ ಮಾಡು ಎಂದು ಕೈಸನ್ನೆ ಮಾಡುತ್ತಿದ್ದ. ಹಿಂದೆ ನಿಂತ ಹರೆಯದವರು ಮಾತ್ರ ಸೀಟಿ ಹೊಡೆಯುತ್ತ ಇನ್ನೂ ಬೇಕೆಂದರು. ಪುಣೆಯಲ್ಲಿ ಓದುತ್ತಿದ್ದ, ಅದೇ ಊರಿನ ವ್ಯಾಪಾರಸ್ಥರ ಮನೆಯವನೊಬ್ಬ ರಜೆಗೆ ಬಂದಿದ್ದ. ಅವನು ವೇದಿಕೆಯ ಹಿಂದೆ ಬಂದು ಹೇಳಿದ, "ಇಂಥಾ ಬಾಜಿಗೆ, ಈ ನಮೂನಿ ಸಂಗೀತಕ್ಕ, ಹೊರದೇಶದಾಗ ಹೆವಿ ಮೆಟಲ್ ಅಂತಾರ. ನಾಳೆ ಮನಿಗೆ ಬರ್ರಿ, ಕೇಳಸ್ತೀನಿ."

ಮರುದಿನ ಅವರ ವಾಡೆಯ ಪಡಸಾಲೆಯಲ್ಲಿ ಕುಳಿತು ಅಮೋಘಿ ಟೇಪು ಕೇಳಿದ. ಮಾತು ತಿಳಿಯಲಿಲ್ಲ. ಎದೆಯ ಮೇಲೆ ಯಾರೋ ಅಂಗೈಯಿಂದ ಬಡಿದಂತೆ ಅನ್ನಿಸಿತು. ಅಂದಿನಿಂದ ಆ ಹರಿದ ಸ್ಪೀಕರನ್ನು ದುರಸ್ತಿ ಮಾಡಲು ಅವನು ಯಾರಿಗೂ ಬಿಡಲಿಲ್ಲ. ಮದುವೆ ಮನೆಯಲ್ಲಿ ಸಿನಿಮಾ ಹಾಡು ಬಾರಿಸಿ, ಕೊನೆಗೆ ಒಂದಿಷ್ಟು ಹೊತ್ತು ತನ್ನದೇ ಬಾಜಿ ಬಾರಿಸುವುದು ರೂಢಿಯಾಯಿತು. ಹಿರಿಯರು ಎದ್ದು ಹೋಗುತ್ತಿದ್ದರು, ಕಿರಿಯರು ಮುಂದೆ ಬರುತ್ತಿದ್ದರು.

ತೊರವಿಯ ಸಕ್ರವ್ವನ ಜೊತೆ ಅವನ ಮದುವೆಯಾಯಿತು. ಚೌಕದ ಹತ್ತಿರ ಒಂದು ಖೋಲಿ ಬಾಡಿಗೆಗೆ ಹಿಡಿದರು. ಎಪ್ಪತ್ತಾರರ ಬೇಸಿಗೆಯಲ್ಲಿ ಹೆಣ್ಣು ಕೂಸು ಹುಟ್ಟಿತು.

ಅದೇ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ಅಮೋಘಿ ಅಂಗಡಿಯಲ್ಲಿ ಒಬ್ಬನೇ ಕುಳಿತು ಗಿಟಾರಿನ ವಾಯರಿಗೆ ಬೆಸುಗೆ ಹಾಕಲು ಅಣಿ ಮಾಡುತ್ತಿದ್ದ. ಕಾದ ಸೋಲ್ಡರಿಂಗ್ ಕಡ್ಡಿಯನ್ನು ಇಟ್ಟಿಗೆಯ ಮೇಲೆ ಒರಗಿಸಿ, ಎಡಗೈಯಿಂದ ವಾಯರು ಅದುಮಿ ಹಿಡಿದು, ಬಲಗೈಯ ಬ್ಲೇಡಿನಿಂದ ಅದರ ತುದಿ ಕೆರೆಯುತ್ತಿದ್ದ. ಕುರಿಯ ಕೂದಲು ಸುಟ್ಟಂಥ ವಾಸನೆ ಬಂತು. ಹೊರಗೆ ಯಾರೋ ಏನೋ ಸುಡುತ್ತಿರಬೇಕು ಎಂದುಕೊಂಡ. ವಾಸನೆ ಹೆಚ್ಚಾಯಿತು. ತಲೆ ಬಗ್ಗಿಸಿ ನೋಡಿದರೆ ತನ್ನ ಕೈಯ ಪಕ್ಕದಿಂದಲೇ ತೆಳ್ಳಗೆ ಹೊಗೆ ಏಳುತ್ತಿತ್ತು. ಎಡಗೈಯ ಕಿರುಬೆರಳು ಕಡ್ಡಿಗೆ ಒರಗಿ ಕುಳಿತಿತ್ತು.

ಕೈ ಹಿಂದಕ್ಕೆಳೆದ. ಬೆರಳಿನ ಅಂಚಿನಲ್ಲಿ ಚರ್ಮ ಬೆಳ್ಳಗಾಗಿ ಮುದುಡಿತ್ತು. ಬಾಯಿಗೆ ಒಯ್ಯಲು ಹೋದವನು ನಡುವೆಯೇ ನಿಂತ. ನೋವು ಬರಲಿ ಎಂದು ಕಾದ. ಚೌಕದಲ್ಲಿ ಟಾಂಗಾದವರು ಕೂಗುತ್ತಿದ್ದರು, ಪಕ್ಕದ ಅಂಗಡಿಯಲ್ಲಿ ತಕ್ಕಡಿ ಸಪ್ಪಳ ಮಾಡುತ್ತಿತ್ತು. ನೋವು ಬರಲಿಲ್ಲ.

ಗೋಡೆಯ ಕ್ಯಾಲೆಂಡರಿಗೆ ಚುಚ್ಚಿದ್ದ ಟಾಚಣಿ ಕಿತ್ತುಕೊಂಡ. ಹೆಬ್ಬೆರಳಿಗೆ ಚುಚ್ಚಿದ, ನೋವಾಯಿತು. ತೋರುಬೆರಳಿಗೆ, ನಡುಬೆರಳಿಗೆ ಗಟ್ಟಿಯಾದ ತೊಗಲಿನ ಕೆಳಗೂ ನೋವಾಯಿತು. ಉಂಗುರಬೆರಳಿನ ಒಂದು ಮಗ್ಗುಲಿಗೆ ಆಯಿತು, ಇನ್ನೊಂದು ಮಗ್ಗುಲಿಗೆ ಆಗಲಿಲ್ಲ. ಕಿರುಬೆರಳಿಗೆ ಟಾಚಣಿ ಹೋದದ್ದು ಕಣ್ಣಿಗೆ ಮಾತ್ರ ಗೊತ್ತಾಯಿತು. ಆಮೇಲೆ ಅವನು ಅಂಗಿಯ ತೋಳು ಮೇಲೇರಿಸಿದ. ಮೊಣಕೈ ಹತ್ತಿರ ಬಿಳಿಚಿದ ಮಚ್ಚೆಯೊಂದು ಇತ್ತು. ಎರಡು ವರ್ಷದಿಂದ ಇತ್ತು, ಹುಳಕಡ್ಡಿ ಎಂದುಕೊಂಡು ಬಿಟ್ಟಿದ್ದ. ಅಲ್ಲಿಯೂ ಚುಚ್ಚಿದ. ಮೈಯೆಲ್ಲ ಬೆವರುತ್ತಿತ್ತು, ಆ ಮಚ್ಚೆಯೊಂದು ಒಣಗಿಯೇ ಇತ್ತು.

ಇದು ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ದೊಡ್ಡಪ್ಪ, ರೇವಪ್ಪನ ಅಣ್ಣ ಅಮಸಿದ್ದನಿಗೆ ಇದೇ ಬಂದಿತ್ತು. ಊರವರು ಕುಷ್ಠ ಎನ್ನದೆ ದೊಡ್ಡ ಬ್ಯಾನಿ ಎನ್ನುತ್ತಿದ್ದರು. ಬೆರಳು ಸವೆಯತೊಡಗಿದ ಮೇಲೆ ಅಮಸಿದ್ದನನ್ನು ಊರ ಹೊರಗೆ ಕುರಿದೊಡ್ಡಿಯ ಆಚೆ ಒಂದು ಗುಡಿಸಲಿನಲ್ಲಿ ಇಟ್ಟರು. ಬೋರವ್ವ ದಿನಾಲು ಒಂದು ಚಪ್ಪಡಿಕಲ್ಲಿನ ಮೇಲೆ ರೊಟ್ಟಿ ಇಟ್ಟು ದೂರ ನಿಲ್ಲುತ್ತಿದ್ದಳು. ಚಿಕ್ಕ ಅಮೋಘಿ ಅವಳ ಸೆರಗು ಹಿಡಿದುಕೊಂಡು ನೋಡುತ್ತಿದ್ದ. ದೊಡ್ಡಪ್ಪ ಎರಡು ಮುಂಗೈಗಳ ನಡುವೆ ರೊಟ್ಟಿ ಎತ್ತಿಕೊಂಡು, "ನಮ್ಮ ರೇವಪ್ಪ ಆರಾಮ ಅದಾನಿಲ್ಲ ಬೋರವ್ವಾ?" ಎಂದು ಅಲ್ಲಿಂದಲೇ ಕೇಳುತ್ತಿದ್ದ. ಒಂದು ಬೇಸಿಗೆಯಲ್ಲಿ ರೊಟ್ಟಿ ಕಲ್ಲಿನ ಮೇಲೆಯೇ ಒಣಗಿತು. ಹುಡುಕಲು ಯಾರೂ ಹೋಗಲಿಲ್ಲ. ರೇವಪ್ಪ ಖಾಲಿ ಗುಡಿಸಲಿಗೆ ಬೆಂಕಿ ಇಟ್ಟ. ಮನೆಯಲ್ಲಿ ಆ ಹೆಸರು ಮತ್ತೆ ಯಾರೂ ಎತ್ತಲಿಲ್ಲ.

ಅಮೋಘಿ ಬೆರಳಿಗೆ ಚಿಂದಿ ಸುತ್ತಿಕೊಂಡು ಮನೆಗೆ ಹೋದ. ಸಕ್ರವ್ವ ಕೂಸನ್ನು ಎತ್ತಿ ಅವನ ಕಡೆ ಚಾಚಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಕೈಗೆ ಸುಟ್ಟೈತಿ," ಎಂದ.

ಬೆರಳು ಮಾಯಿತು, ಆದರೆ ಅವನು ಕೂಸನ್ನು ಎತ್ತಲಿಲ್ಲ. ತನ್ನ ಊಟದ ಗಂಗಾಳ ಬೇರೆ ಇಟ್ಟುಕೊಂಡ, ಬಾಗಿಲ ಹತ್ತಿರ ಹಾಸಿಕೊಂಡ. ಸೆಕೆಯಲ್ಲಿಯೂ ತುಂಬುತೋಳಿನ ಅಂಗಿ ಬಿಚ್ಚಲಿಲ್ಲ. ಕೂಸು ನೆಲದ ಮೇಲೆ ಹೊರಳುತ್ತ ಅವನ ಕಾಲಿನ ಹತ್ತಿರ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ಸಕ್ರವ್ವ ಬಹಳ ದಿನ ಸುಮ್ಮನೆ ನೋಡಿದಳು. ಒಂದು ಮುಂಜಾನೆ ಅವನು ಹೊರಡುವಾಗ ಬಾಗಿಲಿಗೆ ಅಡ್ಡ ನಿಂತಳು.

"ಹೆಣ್ಣ ಹುಟ್ಟೈತಂತ ಸಿಟ್ಟೇನ್ರಿ ನಿಮಗ?"

"ಇಲ್ಲ."

"ಮತ್ತ ಒಂದ ದಿನ ಅರ ಎತ್ತಗೊಂಡೀರೇನು? ಓಣ್ಯಾಗಿನ ಮಂದಿ ಎತ್ತಗೋತಾರ, ಹಡದಾವರು ಎತ್ತಗೋಳೂದಿಲ್ಲ. ನನ್ನ ಮ್ಯಾಲ ಸಿಟ್ಟಿದ್ರ ನನಗ ಬೈರಿ. ಕೂಸೇನ್ ಮಾಡೇತಿ?"

ಹೇಳಿದರೆ ಈಗಲೇ ಎಲ್ಲ ಮುಗಿಯುತ್ತದೆ ಅನ್ನಿಸಿತು. "ಹೊತ್ತಾಗೇತಿ," ಎಂದು ಅವಳ ಪಕ್ಕದಿಂದ ನುಸುಳಿ ಹೋದ.

ಎರಡು ಸಲ ದೊಡ್ಡಾಸ್ಪತ್ರೆಯವರೆಗೆ ಸೈಕಲ್ಲಿನಲ್ಲಿ ಹೋದ. ಕುಷ್ಠರೋಗದ ಖೋಲಿಯ ಮುಂದೆ ಕುಳಿತವರ ಸಾಲು ಕಾಣಿಸುತ್ತಿತ್ತು. ಆ ಸಾಲಿನಲ್ಲಿ ಕುಳಿತರೆ ರಸ್ತೆಯಲ್ಲಿ ಹೋಗುವವರಿಗೆಲ್ಲ ಮುಖ ಕಾಣುತ್ತದೆ. ಮೊದಲ ಸಲ ಚೌಕದ ಬೆಲ್ಲದ ವ್ಯಾಪಾರಿ ಎದುರಾದ, "ಏನೋ ಅಮೋಘಿ, ಇಲ್ಲ್ಯಾಕ?" ಎಂದ. ಎರಡನೆಯ ಸಲ ಯಾರೂ ಎದುರಾಗಲಿಲ್ಲ. ಆದರೂ ಅವನು ಇಳಿಯಲಿಲ್ಲ.

ಆ ವರ್ಷದ ಕೊನೆಗೆ ಆರೋಗ್ಯ ಖಾತೆಯ ಜೀಪು ಓಣಿಗೆ ಬಂತು. ಎಮರ್ಜೆನ್ಸಿಯ ಕಾಲ. ಮಕ್ಕಳಾಗದಂತೆ ಮಾಡುವ ಆಪರೇಶನ್ನಿಗೆ ಹಿಡಿದೊಯ್ಯಲು ಬಂದಿದ್ದಾರೆ ಎಂದು ಯಾರೋ ಗಾಳಿಸುದ್ದಿ ಹಬ್ಬಿಸಿದರು. ಗಂಡಸರೆಲ್ಲ ಹಿತ್ತಿಲ ಬಾಗಿಲಿಂದ ಮಾಯವಾದರು. ಅಮೋಘಿ ಮಾತ್ರ ಖೋಲಿಯೊಳಗೆ ಸಿಕ್ಕಿಕೊಂಡ. ಬಂದವಳು ಸಬೀರಾ, ಬಿಳಿ ಸೀರೆಯ ನರ್ಸಬಾಯಿ. ಆಪರೇಶನ್ನಿಗಲ್ಲ, ಮೈಮೇಲಿನ ಮಚ್ಚೆ ನೋಡಲು ಮನೆಮನೆ ತಿರುಗುತ್ತಿದ್ದಳು.

"ನಿಮ್ಮದು ಆಮ್ಯಾಲ ನೋಡೂನಂತ. ಮೊದಲ ಕೂಸಿಂದು ನೋಡ್ತೀನಿ," ಎಂದು ಅವಳು ಸಕ್ರವ್ವನ ತೊಡೆಯ ಮೇಲಿದ್ದ ಕೂಸಿನ ಅಂಗಿ ಬಿಚ್ಚಿಸಿದಳು. ಚೀಲದಿಂದ ಕೋಳಿಯ ಪುಕ್ಕ ತೆಗೆದಳು.

ಅಮೋಘಿ ಮುಂದೆ ನೋಡಲಾರದೆ ಹೋದ. ಅಂಗಡಿಯಲ್ಲಿ ಕೆಲಸವಿದೆ ಎಂದು ಏನೋ ತೊದಲಿ, ಸೈಕಲ್ ಹತ್ತಿ ತಿಕೋಟಾ ರಸ್ತೆ ಹಿಡಿದ. ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಊರು ದಾಟಿ, ಜೋಳದ ಹೊಲಗಳ ನಡುವೆ ಉಸಿರು ಕಟ್ಟಿದಾಗ ಇಳಿದು ನಿಂತ. ಕೂಸಿನ ಬೆನ್ನ ಮೇಲೆ ಏನಾದರೂ ಕಂಡಿದ್ದರೆ? ಈಗ ಸಕ್ರವ್ವನಿಗೆ ಅದನ್ನು ಹೇಳುತ್ತಿದ್ದರೆ? ತನ್ನ ವಿಷಯದಲ್ಲಿ ಗೊತ್ತಾಗದಿರಲಿ ಎಂದು ಓಡಿಬಂದವನಿಗೆ ಕೂಸಿನ ವಿಷಯದಲ್ಲಿ ಗೊತ್ತಾಗದೆ ಇರುವುದು ಸಹಿಸಲಾಗಲಿಲ್ಲ. ಸೈಕಲ್ ತಿರುಗಿಸಿದ.

ಸಬೀರಾ ಓಣಿಯ ತುದಿಯಲ್ಲಿ, ಒಂದು ಹಾಳು ಗುಮ್ಮಟದ ಕಟ್ಟೆಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದಳು.

"ಬಾಯಾರ, ನಮ್ಮ ಕೂಸಿಗಿ…"

"ಕೂಸಿಗಿ ಏನೂ ಇಲ್ರಿ. ಪುಕ್ಕ ಮುಟ್ಟಿದಲ್ಲೆಲ್ಲಾ ನಕ್ಕಿತು." ಅವಳು ಅವನ ಮುಖ ನೋಡಿದಳು, ಆಮೇಲೆ ಅವನ ತೋಳು ನೋಡಿದಳು. "ಈಗ ನಿಮ್ಮದು ತೋರಸ್ರಿ."

ಸುತ್ತ ಯಾರೂ ಇರಲಿಲ್ಲ. ಅವನು ಅಂಗಿಯ ತೋಳನ್ನು ಹೆಗಲವರೆಗೆ ಏರಿಸಿದ. ಅವಳ ಮುಖ ಬದಲಾಗಲಿಲ್ಲ.

"ಕಣ್ಣ ಮುಚ್ಚರಿ. ಪುಕ್ಕ ಮುಟ್ಟಿದಲ್ಲಿ ಇನ್ನೊಂದ ಕೈಲೆ ತೋರಸ್ರಿ."

ಅವನು ಕಣ್ಣು ಮುಚ್ಚಿದ. ಹೆಗಲ ಹತ್ತಿರ ಪುಕ್ಕ ಸೋಕಿತು, ತೋರಿಸಿದ. ಭುಜದ ಕೆಳಗೆ ಸೋಕಿತು, ತೋರಿಸಿದ. ಆಮೇಲೆ ಏನೂ ಆಗಲಿಲ್ಲ. ಅವಳು ಚೀಲದಲ್ಲಿ ಏನೋ ಹುಡುಕುತ್ತಿರಬೇಕು ಎಂದು ಕಾದ. ಗುಮ್ಮಟದೊಳಗೆ ಪಾರಿವಾಳಗಳು ಗುಟರುತ್ತಿದ್ದವು. ಬಹಳ ಹೊತ್ತಾಯಿತು ಅನ್ನಿಸಿ ಕಣ್ಣು ತೆರೆದ. ಅವಳು ಪುಕ್ಕವನ್ನು ಚೀಲದೊಳಗೆ ಇಡುತ್ತಿದ್ದಳು.

"ಮುಟ್ಟರಿ ಮತ್ತ," ಎಂದ.

"ಮುಟ್ಟಿದೇನ್ರಿ. ಕಿರುಬೆರಳಿನ ತನಕಾ ಮುಟ್ಟಿದೆ."

ಅಮೋಘಿ ಕಟ್ಟೆಯ ಮೇಲೆ ಕುಳಿತ. ಸಬೀರಾ ಅವನ ಮೊಣಕೈಯ ಹಿಂದೆ ಹೆಬ್ಬೆರಳಿನಿಂದ ತಡಕಿದಳು. ಅಲ್ಲಿ ನರ ದಪ್ಪಗಾಗಿ, ಚರ್ಮದ ಕೆಳಗೆ ಹಗ್ಗದಂತೆ ಉರುಳುತ್ತಿತ್ತು. ಅವಳು ಬಿಳಿ ಗುಳಿಗೆಯ ಪೊಟ್ಟಣ ಕೊಟ್ಟಳು. ವರ್ಷಗಟ್ಟಲೆ ತೆಗೆದುಕೊಳ್ಳಬೇಕು, ನಡುವೆ ಬಿಡಬಾರದು ಎಂದಳು.

"ಕೂಸಿಗಿ ಮುಟ್ಟಬಹುದೇನ್ರಿ?"

"ಎತ್ತಗೋರಿ. ನಿಮ್ಮಂಗ ಒಂದ ಮಚ್ಚಿ ಇದ್ದಾವರಿಂದ ಹಬ್ಬೂದು ಭಾಳ ಕಡಿಮಿ. ಗುಳಿಗಿ ತಪ್ಪಸಬ್ಯಾಡ್ರಿ, ಅಷ್ಟ."

"ಗಿಟಾರು ಬಾರಸ್ತೀನ್ರಿ ನಾ."

ಅವಳು ಅವನ ಎಡಗೈಯನ್ನು ತಿರುಗಿಸಿ ನೋಡಿದಳು. "ನೋವು ಇಲ್ಲದ ಬೆರಳಿಗೆ ಗಾಯ ಆದ್ರ ಗೊತ್ತಾಗೂದಿಲ್ಲ. ಗಾಯ ಕೊಳತ ಮ್ಯಾಲ ಬೆರಳ ಹೋಗ್ತಾವ. ಬ್ಯಾನಿ ತಿಂದು ಹೋಗೂದಿಲ್ಲ, ಗಾಯ ತಿಂದು ಹೋಗ್ತಾವ. ಬಾರಸೂದು ಬಿಟ್ರ ಚಲೋ. ಬಿಡಾಕ ಆಗಲಿಲ್ಲಂದ್ರ ಕಣ್ಣಿಲೆ ನೋಡಕೋತ ಬಾರಸ್ರಿ."

ಅವತ್ತೇ ಅವನು ಸಕ್ರವ್ವನಿಗೆ ಹೇಳಿದ. ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ಅವನು ದೊಡ್ಡಪ್ಪನ ವಿಷಯವನ್ನೂ ಬಿಚ್ಚಿ ಹೇಳಿದ.

"ನಿಮ್ಮ ದೊಡ್ಡಪ್ಪಂದು ನಮ್ಮಪ್ಪಗ ಗೊತ್ತಿತ್ತೇನು, ನನ್ನ ಕೊಡುಮುಂದ?" ಎಂದು ಕೇಳಿದಳು.

"ಇಲ್ಲ. ನಮ್ಮ ಮನ್ಯಾಗ ಅವನ ಹೆಸರ ಯಾರೂ ಎತ್ತೂದಿಲ್ಲ."

ಮರುದಿನ ಮುಂಜಾನೆ ಅವಳು ಕೂಸನ್ನು ಕಟ್ಟಿಕೊಂಡು ತೊರವಿಗೆ ಹೋದಳು.

ಅಂದಿನಿಂದ ತೊರವಿಯಿಂದ ಬರುವ ಒಬ್ಬೊಬ್ಬ ಮನುಷ್ಯನನ್ನೂ ಅವನು ಅಂಜಿಕೆಯಿಂದ ನೋಡತೊಡಗಿದ. ಚೌಕಕ್ಕೆ ಬದನೆಕಾಯಿ ತರುವ ಮುದುಕನೊಬ್ಬ, "ನಿನ್ನ ಹೇಣ್ತಿ ತವರಮನ್ಯಾಗ ಅದಾಳಲ್ಲಾ, ಏನರ ಜಗಳ?" ಎಂದಾಗ, ಆ ಮಾತಿನ ಹಿಂದೆ ಬೇರೆ ಏನಾದರೂ ಇದೆಯೇ ಎಂದು ಅಮೋಘಿ ಅವನ ಕಣ್ಣಲ್ಲಿ ಹುಡುಕಿದ. ಅಂಗಡಿಯಲ್ಲಿ ಇಬ್ಬರು ಮೆಲ್ಲಗೆ ಮಾತಾಡಿದರೆ ತನ್ನದೇ ಮಾತು ಅನ್ನಿಸುತ್ತಿತ್ತು. ಗುಳಿಗೆಗಳನ್ನು ಒಡೆದ ಭೋಂಗಾದೊಳಗೆ ಬಚ್ಚಿಟ್ಟಿದ್ದ. ನುಂಗುವಾಗ ಶಟರ್ ಅರ್ಧ ಎಳೆಯುತ್ತಿದ್ದ.

ಬೇಸಿಗೆ ಬರುವ ಹೊತ್ತಿಗೆ ಉಂಗುರಬೆರಳು, ಕಿರುಬೆರಳು ಒಳಕ್ಕೆ ಬಾಗತೊಡಗಿದವು. ಬಲಗೈಯಿಂದ ನೆಟ್ಟಗೆ ಮಾಡಿದರೆ ಆಗುತ್ತಿದ್ದವು, ಬಿಟ್ಟರೆ ಮತ್ತೆ ಬಾಗುತ್ತಿದ್ದವು. ಕೆಂಪು ಗಿಟಾರಿನ ಕಿರಿದಾದ ಕೊರಳಿನ ಮೇಲೆ ಆ ಎರಡು ಬೆರಳು ಬೇಡವಾದ ತಂತಿಗೆ ತಾಗಿ ನಾದ ಸಾಯಿಸುತ್ತಿದ್ದವು. ನಾಲ್ಕು ಬೆರಳಿನ ಪಟ್ಟು ಒಂದೂ ಕೂಡುತ್ತಿರಲಿಲ್ಲ. ನೀಲಾಬಾಯಿ ಒಂದು ದಿನ ಹಾಡು ನಿಲ್ಲಿಸಿ ಕೇಳಿದಳು, "ಯಾಕೋ ಅಮೋಘಿ, ಇತ್ತಿತ್ಲಾಗ ಅರ್ಧಾ ಸ್ವರ ನುಂಗಾಕತ್ತಿ?"

"ತಂತಿ ಹಳೇವ ಆಗ್ಯಾವ್ರಿ," ಎಂದ.

ಹೀಗೆ ಮೂರನೆಯ ಗಿಟಾರು ಹುಟ್ಟಿತು. ಬಬಲೇಶ್ವರದ ಒಬ್ಬ ಬಡಿಗನ ಹತ್ತಿರ ಹೋಗಿ, ಹಳೆಯ ಬಾಗಿಲಿನ ಸಾಗವಾನಿ ಹಲಗೆಯಲ್ಲಿ ಅಗಲ ಕೊರಳಿನ ಗಿಟಾರು ಮಾಡಿಸಿದ. ತಂತಿ ನಾಲ್ಕೇ, ಅವೂ ಸಡಿಲ. ಎರಡು ಬೆರಳಿನಿಂದ ಒತ್ತಿದರೆ ಸಾಕು. ಕೆಂಪು ಗಿಟಾರಿನ ಕರೆಂಟಿನ ಭಾಗ ಕಿತ್ತು ಇದಕ್ಕೆ ಹಾಕಿದ. ಕೊರಳಿನ ಮೇಲೆ ಸ್ವರಸ್ವರಕ್ಕೆ ಇರುವ ಅಡ್ಡ ಮೆಟ್ಟಿಲುಗಳಿಗೆ ಬಡಿಗ ದಪ್ಪ ಹಿತ್ತಾಳೆ ತಂತಿ ಕತ್ತರಿಸಿ ಕೂಡಿಸಿದ್ದ. ಇಂಥ ಗಿಟಾರು ಯಾಕೆ ಎಂದು ಶಿವಶರಣಪ್ಪ ಕೇಳಿದಾಗ, "ಆ ಪುಣೆಯವರ ಟೇಪಿನ್ಯಾಗಿನಂಥಾ ದಪ್ಪ ಸಪ್ಪಳ ಬರಬೇಕಂದ್ರ ಹಿಂಗ ಇರಬೇಕ್ರಿ ಸಾವಕಾರ್ರ," ಎಂದ. ಸುಳ್ಳೇನೂ ಆಗಿರಲಿಲ್ಲ. ಸಡಿಲ ತಂತಿಯನ್ನು ಹರಿದ ಸ್ಪೀಕರಿಗೆ ಹಚ್ಚಿದಾಗ ಎದ್ದ ಸದ್ದಿಗೆ ಅಂಗಡಿಯ ಡಬ್ಬಿಗಳು ಅದುರಿದವು. ಅಮೋಘಿಗೆ ಅದನ್ನು ಕೇಳಿ ಸಂತೋಷಪಡುವ ಧೈರ್ಯ ಇರಲಿಲ್ಲ.

ಆ ಗಿಟಾರಿನ ಮೊದಲ ಕಾರ್ಯಕ್ರಮ ಬಬಲೇಶ್ವರದಲ್ಲೇ, ಒಂದು ಮದುವೆಯ ಮರುದಿನದ ಸಂಜೆ. ಬಿಸಿಲು ಇನ್ನೂ ಇತ್ತು. ಹಂದರದ ತುಂಬ ಜನ. ಅಮೋಘಿ ಬಾಗಿದ ಬೆರಳುಗಳು ಕಾಣದಂತೆ ಓರೆಯಾಗಿ ನಿಂತ. ಬಾರಿಸಲು ಶುರುಮಾಡಿದ ಮೇಲೆ ಮೂರನೆಯ ಸಾಲಿನಲ್ಲಿ ಸಬೀರಾಳನ್ನು ಕಂಡ. ಹೆಂಗಸರ ನಡುವೆ, ಹಸಿರು ಸೀರೆ ಉಟ್ಟು, ಪರಿಚಯದವರ ಮದುವೆಗೆ ಬಂದವಳಂತೆ ಕುಳಿತಿದ್ದಳು. ಅವಳು ಯಾವ ಕೆಲಸದವಳು ಎಂಬುದು ಆ ಕಡೆಯ ಊರವರಿಗೆಲ್ಲ ಗೊತ್ತು. ಅವಳು ನಮಸ್ಕಾರ ಮಾಡಿದರೆ ಸಾಕು, ನಾಲ್ಕು ಜನ ತಿರುಗಿ ನೋಡುತ್ತಾರೆ. ಅವನು ಅವಳ ಕಡೆ ನೋಡದಿರಲು ಕಣ್ಣು ಮೇಲೆತ್ತಿ, ಹಂದರದ ಚಪ್ಪರ ನೋಡುತ್ತ ಬಾರಿಸಿದ. ಕೈ ನೋಡಿಕೊಳ್ಳಬೇಕು ಎಂಬುದು ಮರೆತುಹೋಯಿತು.

ಸದ್ದು ಜೋರಾಗಿತ್ತು. ಹರೆಯದವರು ಮುಂದೆ ಬಂದು ಕುಣಿಯುತ್ತಿದ್ದರು. ಇದ್ದಕ್ಕಿದ್ದಂತೆ ಕುಣಿಯುತ್ತಿದ್ದವನೊಬ್ಬ ನಿಂತ. ಅವನ ಪಕ್ಕದವನೂ ನಿಂತ. ನೀಲಾಬಾಯಿ ಹತ್ತಿರ ಬಂದು ಮೆಲ್ಲಗೆ, "ಅಮೋಘಿ, ರಕ್ತ," ಎಂದಳು.

ಅವನು ಕೆಳಗೆ ನೋಡಿದ. ಹಿತ್ತಾಳೆಯ ಮೆಟ್ಟಿಲುಗಳ ತುದಿಯನ್ನು ಬಡಿಗ ಅರದಿಂದ ಉಜ್ಜಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಮೊದಲ ಸಲ ತಾಗಿದಾಗಲೇ ಕೈ ಎಳೆದುಕೊಳ್ಳುತ್ತಿದ್ದರು. ಅವನ ಕಿರುಬೆರಳು ಆ ಅಂಚಿಗೆ ಉಜ್ಜಿ ಉಜ್ಜಿ, ಗೆಣ್ಣಿನ ಮೇಲಿನ ತೊಗಲು ಎದ್ದು ಜೋತಾಡುತ್ತಿತ್ತು. ಸಾಗವಾನಿ ಹಲಗೆಯ ಮೇಲೆ, ಬಿಳಿ ಪ್ಯಾಂಟಿನ ಮೇಲೆ ರಕ್ತ ಹರಿದಿತ್ತು. ಅವನು ಅದನ್ನು ಬೇರೆಯವರ ಕೈ ಎಂಬಂತೆ ನೋಡುತ್ತ ನಿಂತ. ಜನ ಅವನ ಮುಖ ನೋಡುತ್ತಿದ್ದರು. ಆ ಮುಖದಲ್ಲಿ ನೋವಿರಲಿಲ್ಲ. ಅದು ಎಲ್ಲರಿಗೂ ಕಾಣುತ್ತಿದೆ ಎಂಬುದು ಅವನಿಗೆ ಹೊಳೆಯಿತು. ಸ್ಪೀಕರ್ ಒಂದೇ ಗುಂಯ್‌ಗುಡುತ್ತಿತ್ತು.

ಹಸಿರು ಸೀರೆ ಎದ್ದಿತು. ಸಬೀರಾ ಸಾಲು ದಾಟಿ, ಕುಳಿತವರನ್ನು ಸರಿಸುತ್ತ ವೇದಿಕೆಯ ಕಡೆ ಬಂದಳು. ಈಗ ಮುಗಿಯಿತು ಎಂದುಕೊಂಡ ಅಮೋಘಿ. ಓಡಬೇಕೆಂದರೂ ಕೊರಳಿಗೆ ಗಿಟಾರಿನ ಪಟ್ಟಿ ಸುತ್ತಿಕೊಂಡಿತ್ತು.

"ಏನ್ರೀ ಇದು, ತಂತಿ ಕೊಯ್ದ್ರೂ ಬಾರಸಕೋತ ನಿಂತೀರಿ? ಬಾಜಿಯೊಳಗ ಮೈ ಮರತ್ರ ಹಿಂಗ ಆಗ್ತೈತಿ," ಎಂದು ಎಲ್ಲರಿಗೂ ಕೇಳುವಂತೆ ಗದರಿದಳು. ನೀಲಾಬಾಯಿಯ ಕೈಯಿಂದ ಕರವಸ್ತ್ರ ತೆಗೆದುಕೊಂಡು ಬೆರಳಿಗೆ ಬಿಗಿಯಾಗಿ ಸುತ್ತಿದಳು. ಸುತ್ತುವಾಗ ತಲೆ ಬಗ್ಗಿಸಿ, ತುಟಿ ಅಲ್ಲಾಡದಂತೆ ಹೇಳಿದಳು, "ನೋವಾದಂಗ ಮಾಡ್ರಿ."

ಅವನಿಗೆ ಮೊದಲು ತಿಳಿಯಲಿಲ್ಲ.

"ಚೀರ್ರಿ," ಎಂದಳು.

ಅಮೋಘಿ ಚೀರಿದ. ಮುಖ ಕಿವುಚಿ, ಮೊಣಕಾಲೂರಿ, ಹಲ್ಲು ಕಚ್ಚಿ ಚೀರಿದ. ಮೊದಲನೆಯದು ನಾಟಕ, ಎರಡನೆಯ ಸಲ ಬಂದದ್ದು ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ. ಜನ "ಅಯ್ಯ ಪಾಪ" ಎಂದರು. ಯಾರೋ ನೀರು ತಂದರು. ಮದುಮಗನ ತಂದೆ, "ಕಲಾವಂತರು ಹಿಂಗ ಇರ್ತಾರ ನೋಡ್ರಿ, ರಕ್ತ ಬಂದ್ರೂ ಬಿಡಲಿಲ್ಲ," ಎಂದು ಪಕ್ಕದವರಿಗೆ ಹೇಳಿದ. ಸಬೀರಾ ಕೈ ತೊಳೆದುಕೊಂಡು 'ನಾಳೆ ದವಾಖಾನಿಗೆ ತೋರಸ್ರಿ' ಎಂದಷ್ಟೇ ಹೇಳಿ, ಗುರುತಿಲ್ಲದವಳಂತೆ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಮರುದಿನ ಅಂಗಡಿಯಲ್ಲಿ ಶಿವಶರಣಪ್ಪ ಹಣದ ಗಲ್ಲೆಯ ಹಿಂದೆ ಕುಳಿತಿದ್ದ. ಎಂದಿನಂತೆ ಬಾ ಎನ್ನಲಿಲ್ಲ. ಬಹಳ ಹೊತ್ತು ಊದುಬತ್ತಿ ಹಚ್ಚುವುದರಲ್ಲೇ ಕಳೆದ.

"ಆ ನರ್ಸಬಾಯಿ ಎಲ್ಲಿ ಕೆಲಸ ಮಾಡ್ತಾಳಂತ ನನಗ ಗೊತ್ತೈತಿ ಅಮೋಘಿ."

ಅಮೋಘಿ ಬಟ್ಟೆ ಸುತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ನೀ ಚೀರೂಕಿಂತ ಮೊದಲ ನಾ ನಿನ್ನ ಮಾರಿ ನೋಡೇನಿ. ಗುಳಿಗಿ ತಗೊಳ್ಳಾಕತ್ತಿಯೇನು?"

"ಹೌದ್ರಿ."

"ಹಬ್ಬತೈತೇನು?"

"ಇಲ್ಲಂತ ಹೇಳ್ಯಾರ್ರಿ."

ಶಿವಶರಣಪ್ಪ ಎದ್ದು, ಚಹಾದ ಕಪ್ಪುಗಳ ಸಾಲಿನಿಂದ ಒಂದನ್ನು ತೆಗೆದು ಬೇರೆ ಗೂಡಿನಲ್ಲಿ ಇಟ್ಟ. "ನಿನ್ನ ಕಪ್ಪು ಇದು. ನೀನ ತೊಳದ ಇಡು. ನಾ ಯಾರ ಮುಂದೂ ಅನ್ನೂದಿಲ್ಲ. ಬಾಜಿ ನಿಂದ ನಡೀಲಿ." ಅವನು ಅಮೋಘಿಯ ಮುಖ ನೋಡಲಿಲ್ಲ. "ಇದಕ್ಕಿಂತ ಹೆಚ್ಚು ನನಗ ಆಗೂದಿಲ್ಲಪಾ."

ಅಮೋಘಿ ಕಪ್ಪು ತೊಳೆದು ಇಟ್ಟ. ಅವಮಾನವಾಯಿತು. ಅದರ ಜೊತೆಗೇ, ಹೊರಗೆ ಹಾಕಲಿಲ್ಲವಲ್ಲ ಎಂದು ಅಳುವಷ್ಟು ಸಮಾಧಾನವೂ ಆಯಿತು. ಆಮೇಲೆ ಅರ ತೆಗೆದುಕೊಂಡು ಕುಳಿತು ಗಿಟಾರಿನ ಮೆಟ್ಟಿಲುಗಳ ತುದಿಯನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿದ.

ಆ ವಾರದಲ್ಲೇ ಸಕ್ರವ್ವ ಬಂದಳು. ಮುಂಜಾನೆ, ಅವನು ಗಾಯದ ಬಟ್ಟೆ ಬಿಚ್ಚಲು ಒಂದೇ ಕೈಯಲ್ಲಿ ಒದ್ದಾಡುತ್ತಿದ್ದಾಗ ಬಾಗಿಲಲ್ಲಿ ನಿಂತಳು. ಕಂಕುಳಲ್ಲಿ ಕೂಸಿತ್ತು, ಗುರುತು ಸಿಗದಷ್ಟು ಬೆಳೆದಿತ್ತು.

"ತೊರವ್ಯಾಗ ಯಾರ ಮುಂದರ…" ಎಂದು ಅವನು ಶುರುಮಾಡಿದ.

"ಯಾರ ಮುಂದೂ ಹೇಳಿಲ್ಲ. ನಮ್ಮವ್ವನ ಮುಂದೂ ಹೇಳಿಲ್ಲ. ಗಂಡ ಬಡಿತಾನಂತ ಹೇಳೇನಿ." ಅವಳು ಒಳಗೆ ಬಂದು ಕೂಸನ್ನು ಚಾಪೆಯ ಮೇಲೆ ಬಿಟ್ಟಳು. "ನಿನ್ನೆ ಆ ಬಾಯಾರ ಕಡೆ ಹೋಗಿದ್ನಿ. ನಂದೂ ಕೂಸಿಂದೂ ಮತ್ತೊಮ್ಮೆ ನೋಡಸಿದ್ನಿ. ಏನೂ ಇಲ್ಲಂದ್ರು. ಅವ್ರ ನಿಮ್ಮ ಬೆರಳಿಂದೂ ಹೇಳಿದ್ರು."

"ಅಂಜಿಕಿ ಹೋತೇನು ಹಂಗಾರ?"

"ಇಲ್ರಿ. ಎಲ್ಲಿ ಹೋಗ್ತೈತಿ. ಅಂಜಕೋತನ ಬಂದೇನಿ."

ಅವಳು ಬಿಸಿನೀರು ಕಾಸಿದಳು, ಹಳೆಯ ಧೋತರ ಹರಿದಳು. ಅವನ ಎದುರು ಕುಳಿತು ಕೈಚಾಚಿದಳು. ಅವನು ಕೊಡಲಿಲ್ಲ. ಅವಳೇ ಎಡಗೈಯನ್ನು ಎಳೆದು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು, ಅಂಟಿದ ಬಟ್ಟೆಯನ್ನು ನೀರಿನಿಂದ ನೆನೆಸಿ ಬಿಡಿಸಿದಳು. ಗಾಯ ನೋಡಿ ಒಂದು ಕ್ಷಣ ಮುಖ ಆಚೆ ತಿರುಗಿಸಿದಳು, ಮತ್ತೆ ನೋಡಿದಳು. ಅವಳ ಬೆರಳುಗಳು ಅವನ ಕಿರುಬೆರಳ ಮೇಲೆ ನಡುಗುತ್ತಿದ್ದವು. ಅದು ಅವನ ಬೆರಳಿಗೆ ತಿಳಿಯಲಿಲ್ಲ, ಕಣ್ಣಿಗೆ ಕಂಡಿತು. ಚಾಪೆಯ ಮೇಲಿನ ಕೂಸು ತೆವಳುತ್ತ ಬಂದು ಅವನ ತೊಡೆಗೆ ಆತುಕೊಂಡಿತು. ಅಮೋಘಿ ಏಳಲಿಲ್ಲ. ಬಲಗೈಯನ್ನು ಎಲ್ಲಿಡಬೇಕೆಂದು ತೋಚದೆ ಗಾಳಿಯಲ್ಲೇ ಹಿಡಿದುಕೊಂಡಿದ್ದವನು, ಸಕ್ರವ್ವ ಬಟ್ಟೆಯ ಗಂಟು ಕಟ್ಟಿ ಮುಗಿಸುವುದರೊಳಗೆ ಅದನ್ನು ಮೆಲ್ಲಗೆ ಕೂಸಿನ ಬೆನ್ನ ಮೇಲೆ ಇಳಿಸಿದ. ಬೆನ್ನು ಬೆಚ್ಚಗಿತ್ತು.